ಕಾರಿನ ಸ್ಟೀರಿಯೊ ಒಪ್ಪುವಂತೆ ಸಂಗೀತದ ಸಿಡಿಯನ್ನು ಮನೆಯಲ್ಲೇ ಬರ್ನ್ ಮಾಡುವ ಕ್ರಮ

ಬೆಂಗಳೂರಿನ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಕಾರುಗಳಲ್ಲಿ ಸಿಡಿ ಪ್ಲೇಯರ್ ಇರುವವು ಸಾಕಷ್ಟಿವೆ. ಅಂಥ ಕಾರಿನ ಮಾಲೀಕರ ಮನೆಯಲ್ಲಿ ಅಂಗಡಿಯಿಂದ ಕೊಂಡ ಸಿಡಿಗಳಷ್ಟೇ ಅಲ್ಲದೆ ಆಕಾಶವಾಣಿಯಿಂದ ಟೇಪಿಗೆ ಹಿಡಿದಿಟ್ಟ ಭಾವಗೀತೆಗಳೋ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಕೇಳಿ ಬಂದ ರಾಮನವಮಿ ಕಚೇರಿಯ ಕ್ಯಾಸೆಟ್ಟೋ, ಊರಿನ ತಾಳಮದ್ದಳೆಯ ರೆಕಾರ್ಡಿಂಗೋ ಇರುತ್ತದೆ. ಇವನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಡಿಸ್ಕಿಗೆ ಬರ್ನ್ ಮಾಡಿ ಕಾರಿನಲ್ಲಿ ಕೇಳಬೇಕೆಂದು ಹೊರಟವರಿಗೆ ಎದುರಾಗುವ ತೊಂದರೆ ಹೆಚ್ಚು ಕಡಿಮೆ ಒಂದೇ ಬಗೆಯದು: ಡಿಸ್ಕ್ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತದೆ, ಮನೆಯ ಡಿವಿಡಿ ಪ್ಲೇಯರಿನಲ್ಲಿಯೂ ಓಡುತ್ತದೆ, ಕಾರಿನಲ್ಲಿ ಮಾತ್ರ ‘ಎರರ್’ ಎಂದು ತೋರಿಸಿ ಹೊರಗೆ ಬರುತ್ತದೆ.

ಇದಕ್ಕೆ ಪ್ಲೇಯರ್ ಕೆಟ್ಟಿರುವುದೇ ಕಾರಣವಾಗಿರಬೇಕಿಲ್ಲ. ಕಂಪ್ಯೂಟರಿನ ಡ್ರೈವ್ ಹಲವು ಬಗೆಯ ಡಿಸ್ಕುಗಳನ್ನೂ ಹಲವು ಬಗೆಯ ಕಡತ ವ್ಯವಸ್ಥೆಗಳನ್ನೂ ಓದಬಲ್ಲದು. ಒಮ್ಮೆ ಓದಲು ಆಗದಿದ್ದರೆ ವೇಗ ತಗ್ಗಿಸಿ ಮತ್ತೆ ಪ್ರಯತ್ನಿಸುತ್ತದೆ. ಕಾರಿನ ಪ್ಲೇಯರನ್ನು ರೂಪಿಸಿರುವುದು ಮುಖ್ಯವಾಗಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಆಡಿಯೊ ಸಿಡಿಗಾಗಿ, ಅದೂ ಬಿಸಿಲು, ಧೂಳು ಮತ್ತು ಕುಲುಕಾಟದ ನಡುವೆ ಕೆಲಸ ಮಾಡುವುದಕ್ಕಾಗಿ. ಆದ್ದರಿಂದ ಡಿಸ್ಕ್ ಎಷ್ಟು ಸರಳವಾಗಿರುತ್ತದೆಯೋ ಅದು ಕಾರಿನಲ್ಲಿ ಓಡುವ ಸಂಭವ ಅಷ್ಟು ಹೆಚ್ಚು. ಮುಂದಿನ ಪ್ರತಿ ಹಂತದಲ್ಲಿಯೂ ಎರಡು ದಾರಿಗಳಿದ್ದಾಗ ಹೆಚ್ಚು ಸರಳವಾದ ದಾರಿಯನ್ನೇ ಹಿಡಿಯಲು ನಾನು ಹೇಳುತ್ತಿರುವುದು ಈ ಕಾರಣದಿಂದ.

ಮೊದಲು ಪ್ಲೇಯರನ್ನು ಪರಿಶೀಲಿಸಿ

ಖಾಲಿ ಡಿಸ್ಕ್ ಕೊಳ್ಳುವ ಮುನ್ನ, ಅಂಗಡಿಯಿಂದ ಕೊಂಡ, ಗೀರುಗಳಿಲ್ಲದ ಒಂದು ಅಸಲಿ ಆಡಿಯೊ ಸಿಡಿಯನ್ನು ಕಾರಿನಲ್ಲಿ ಹಾಕಿ, ಮೊದಲ ಹಾಡನ್ನೂ ಕೊನೆಯ ಹಾಡನ್ನೂ ಪೂರ್ತಿ ಕೇಳಿರಿ. ಸಿಡಿಯನ್ನು ಒಳಗಿನ ರಂಧ್ರದ ಬದಿಯಿಂದ ಹೊರ ಅಂಚಿನ ಕಡೆಗೆ ಓದಲಾಗುತ್ತದೆಯಾದ್ದರಿಂದ, ಮೊದಲ ಹಾಡು ಮತ್ತು ಕೊನೆಯ ಹಾಡು ಎರಡೂ ತಡೆಯಿಲ್ಲದೆ ಬಂದರೆ ಪ್ಲೇಯರಿನ ಕಣ್ಣು ಡಿಸ್ಕಿನ ಉದ್ದಗಲಕ್ಕೂ ಸರಿಯಾಗಿ ಚಲಿಸುತ್ತಿದೆ ಎಂದು ತಿಳಿಯಬಹುದು. ಅಸಲಿ ಸಿಡಿಯೇ ತಡವರಿಸಿದರೆ ಮೊದಲು ಪ್ಲೇಯರನ್ನು ಸರಿಪಡಿಸಬೇಕು; ಬರ್ನ್ ಮಾಡುವ ಕೆಲಸ ಆಮೇಲಿನದು.

ಬಳಿಕ ಸ್ಟೀರಿಯೊದ ಮುಖಭಾಗವನ್ನು ಹಗಲ ಬೆಳಕಿನಲ್ಲಿ ನೋಡಿ. ಸ್ಲಾಟಿನ ಸುತ್ತಮುತ್ತ ‘ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೊ’ ಎಂಬ ಗುರುತು ಮಾತ್ರ ಇದ್ದರೆ ಅದು ಎಂಪಿ3 ಡಿಸ್ಕನ್ನು ಓದುವುದಿಲ್ಲವೆಂದೇ ಇಟ್ಟುಕೊಳ್ಳಿ. ‘ಎಂಪಿ3’ ಅಥವಾ ‘ಡಬ್ಲ್ಯುಎಂಎ’ ಎಂದೂ ಬರೆದಿದ್ದರೆ ಆ ಕಡತಗಳಿರುವ ಡೇಟಾ ಡಿಸ್ಕುಗಳನ್ನೂ ಅದು ಓದಬಲ್ಲದು. ಕೈಪಿಡಿ ಸಿಕ್ಕರೆ ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಿ: ಅಳಿಸಿ ಬರೆಯುವ ಸಿಡಿ-ಆರ್ಡಬ್ಲ್ಯು ನಡೆಯುತ್ತದೆಯೇ, ಗರಿಷ್ಠ ಎಷ್ಟು ಕಡತ ಮತ್ತು ಫೋಲ್ಡರುಗಳಿಗೆ ಅವಕಾಶವಿದೆ, ಯಾವ ಬಿಟ್‌ರೇಟ್‌ಗಳು (ಒಂದು ಸೆಕೆಂಡಿನ ಧ್ವನಿಗೆ ಬಳಸುವ ಬಿಟ್‌ಗಳ ಪ್ರಮಾಣ) ಸಲ್ಲುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಕೈಪಿಡಿ ಸಿಕ್ಕುವುದು ಅಪರೂಪ. ಆದರೆ ಹೊರಗಿನಿಂದ ಹಾಕಿಸಿದ ಸ್ಟೀರಿಯೊಗಳ ಮುಖಫಲಕದ ಮೇಲೆ ಮಾದರಿ ಸಂಖ್ಯೆ ಇರುತ್ತದೆ, ಅದನ್ನು ಹಿಡಿದು ಅಂತರ್ಜಾಲದಲ್ಲಿ ಕೈಪಿಡಿಯನ್ನು ಹುಡುಕಬಹುದು.

ಖಾಲಿ ಡಿಸ್ಕಿನ ಆಯ್ಕೆ

ಬೇಕಾಗಿರುವುದು ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್. 700 ಎಂಬಿ, 80 ನಿಮಿಷದ್ದು. ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್ಡಬ್ಲ್ಯು ಉಳಿತಾಯದ ದಾರಿಯಂತೆ ಕಂಡರೂ ಕಾರಿಗೆ ಅದನ್ನು ಬಳಸಬೇಡಿ. ಅಚ್ಚಿನ ಸಿಡಿ ತನ್ನ ಮೇಲೆ ಬಿದ್ದ ಲೇಸರ್ ಬೆಳಕಿನ ಶೇಕಡಾ 70ರಷ್ಟನ್ನಾದರೂ ಹಿಂತಿರುಗಿಸುತ್ತದೆ, ಸಿಡಿ-ಆರ್ ಅದಕ್ಕೆ ಹತ್ತಿರದಲ್ಲಿ ನಿಲ್ಲುತ್ತದೆ. ಸಿಡಿ-ಆರ್ಡಬ್ಲ್ಯು ಹಿಂತಿರುಗಿಸುವುದು ಸುಮಾರು ಶೇಕಡಾ 15ರಿಂದ 25ರಷ್ಟನ್ನು ಮಾತ್ರ. ಇಷ್ಟು ಮಂದವಾದ ಪ್ರತಿಫಲನವನ್ನು ಹಿಗ್ಗಿಸಿಕೊಳ್ಳುವ ವ್ಯವಸ್ಥೆ ಹಳೆಯ ಪ್ಲೇಯರುಗಳಲ್ಲಿ ಇಲ್ಲದಿರುವುದರಿಂದ, ಒಳಗೆ ಡಿಸ್ಕ್ ಇದ್ದರೂ ಅವು ‘ಡಿಸ್ಕ್ ಇಲ್ಲ’ ಎಂದೇ ತೋರಿಸುತ್ತವೆ.

ಖಾಲಿ ಡಿಸ್ಕುಗಳು ಈಗ ಬೀದಿ ಮೂಲೆಯ ಅಂಗಡಿಗಳಲ್ಲಿ ಸಿಗುವುದು ಕಡಿಮೆ, ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸುವುದು ಉತ್ತಮ. ಅಲ್ಲಿ ಎಚ್ಚರ ವಹಿಸಬೇಕಾದದ್ದು, ಸಿಡಿ-ಆರ್ ಮತ್ತು ಡಿವಿಡಿ-ಆರ್ ಗಾತ್ರದಲ್ಲಿಯೂ ಹೊಳಪಿನಲ್ಲಿಯೂ ಒಂದೇ ತೆರನಾಗಿರುತ್ತವೆ ಎಂಬುದರ ಬಗ್ಗೆ. ಬಿಡಿಯಾಗಿ ಎಣಿಸಿ ಕೊಡುವಾಗ ಒಂದರ ಬದಲು ಇನ್ನೊಂದು ಕೈಗೆ ಬರಬಹುದು. 4.7 ಜಿಬಿ ಎಂದು ಬರೆದಿದ್ದರೆ ಅದು ಡಿವಿಡಿ. ಸಿಡಿಯನ್ನು ಓದುವ ಲೇಸರಿನ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650 ನ್ಯಾನೊಮೀಟರ್. ಸಿಡಿ ಮಾತ್ರ ಓದುವ ಕಾರಿನ ಪ್ಲೇಯರ್ ಡಿವಿಡಿಯನ್ನು ಯಾವ ಉಪಾಯದಿಂದಲೂ ಓದಲಾರದು.

ಡಿಸ್ಕಿನ ಕೆಳಮೈಯ ಬಣ್ಣವನ್ನೂ ಗಮನಿಸಿ. ಸಿಡಿ-ಆರ್‌ನಲ್ಲಿ ಲೇಸರ್ ಗುರುತು ಮೂಡಿಸುವುದು ಒಂದು ಸಾವಯವ ಬಣ್ಣದ ಪದರದ ಮೇಲೆ. ಆ ಬಣ್ಣಗಳಲ್ಲಿ ಥ್ಯಾಲೊಸಯನೀನ್, ಸಯನೀನ್ ಮತ್ತು ಅಜೊ ಎಂಬ ಮೂರು ಮುಖ್ಯ ಬಗೆಗಳಿವೆ. ಮೊದಲನೆಯದು ತೀರ ತಿಳಿಯಾಗಿ, ಎರಡನೆಯದು ಹಸಿರು ನೀಲಿಯ ಛಾಯೆಯಲ್ಲಿ, ಮೂರನೆಯದು ಗಾಢ ನೀಲಿಯಾಗಿ ಕಾಣುವುದು ವಾಡಿಕೆ. ಇವುಗಳಲ್ಲಿ ಯಾವುದು ಎಲ್ಲ ಕಾರುಗಳಿಗೂ ಉತ್ತಮವೆಂದು ಹೇಳಲು ಬರುವುದಿಲ್ಲ, ಏಕೆಂದರೆ ಒಂದು ಪ್ಲೇಯರ್ ಒಪ್ಪಿದ್ದನ್ನು ಇನ್ನೊಂದು ತಿರಸ್ಕರಿಸುವುದುಂಟು. ಆದ್ದರಿಂದ 50ರ ಕಟ್ಟನ್ನು ಒಮ್ಮೆಗೇ ಕೊಳ್ಳದೆ ಎರಡು ಬೇರೆ ಬ್ರಾಂಡುಗಳ ಕೆಲವೇ ಡಿಸ್ಕುಗಳನ್ನು ತಂದು ಪರೀಕ್ಷಿಸಿ, ಸರಿಹೋದದ್ದನ್ನು ಮಾತ್ರ ಹೆಚ್ಚಾಗಿ ಕೊಳ್ಳಿ. 90 ಅಥವಾ 99 ನಿಮಿಷ ಹಿಡಿಯುತ್ತದೆಂದು ಹೇಳಿಕೊಳ್ಳುವ ಡಿಸ್ಕುಗಳು ಪ್ರಮಾಣಿತ ಅಳತೆಯನ್ನು ಮೀರಿದವು, ಅವು ಬೇಡ. 8 ಸೆಂಟಿಮೀಟರಿನ ಕಿರಿಯ ಡಿಸ್ಕನ್ನಂತೂ ಕಾರಿನ ಸ್ಲಾಟಿಗೆ ಹಾಕಲೇಬಾರದು, ಒಳಗೆ ಸಿಕ್ಕಿಕೊಂಡರೆ ಸ್ಟೀರಿಯೊ ಬಿಚ್ಚಿಸಬೇಕಾಗುತ್ತದೆ.

ಆಡಿಯೊ ಸಿಡಿಯೋ, ಎಂಪಿ3 ಡಿಸ್ಕೋ

ಎರಡೂ ಒಂದೇ ಸಿಡಿ-ಆರ್ ಮೇಲೆ ಬರೆಯಲಾಗುವವೇ ಆದರೂ ಒಳರಚನೆಯಲ್ಲಿ ಸಂಪೂರ್ಣ ಬೇರೆ. ಆಡಿಯೊ ಸಿಡಿಯಲ್ಲಿ ಕಡತಗಳೆಂಬವೇ ಇಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಗೊತ್ತುಪಡಿಸಿದ, ‘ರೆಡ್ ಬುಕ್’ ಎಂದು ಕರೆಯಲಾಗುವ ಮಾನದಂಡದ ಪ್ರಕಾರ, ಸೆಕೆಂಡಿಗೆ 44,100 ಮಾದರಿಗಳಂತೆ (ಮಾದರಿ ಎಂದರೆ ಧ್ವನಿಯ ಒಂದು ಕ್ಷಣದ ಅಳತೆ), 16 ಬಿಟ್ ಸ್ಟೀರಿಯೊ ಧ್ವನಿ ಒಂದೇ ಸುರುಳಿಯಲ್ಲಿ ನಿರಂತರವಾಗಿ ಹರಿಯುತ್ತದೆ, ಹಾಡುಗಳು ಎಲ್ಲಿ ಆರಂಭವಾಗುತ್ತವೆ ಎಂಬ ಪಟ್ಟಿ ಡಿಸ್ಕಿನ ಒಳತುದಿಯಲ್ಲಿ ಇರುತ್ತದೆ. ಹೆಚ್ಚೆಂದರೆ 99 ಹಾಡು, 80 ನಿಮಿಷ. ಎಂಪಿ3 ಡಿಸ್ಕಾದರೋ ಕಂಪ್ಯೂಟರಿನ ಡೇಟಾ ಡಿಸ್ಕು; ಅದರ ಫೋಲ್ಡರುಗಳನ್ನು ಹೊಕ್ಕು, ಕಡತವನ್ನು ತೆರೆದು, ಸಂಕುಚಿತ ಧ್ವನಿಯನ್ನು ಬಿಡಿಸಿ ನುಡಿಸುವ ಕೆಲಸವನ್ನೆಲ್ಲ ಸ್ಟೀರಿಯೊವೇ ಮಾಡಬೇಕು.

ಎಂಪಿ3 ಕಡತಗಳನ್ನು ಡಿಸ್ಕಿಗೆ ಎಳೆದು ಹಾಕಿ, ಅದು ಆಡಿಯೊ ಸಿಡಿಯಾಯಿತೆಂದು ತಿಳಿಯುವುದೇ ಕಾರಿನಲ್ಲಿ ಡಿಸ್ಕ್ ಓಡದಿರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಎಂಪಿ3 ಗುರುತು ಇಲ್ಲದ ಸ್ಟೀರಿಯೊ ಅಂಥ ಡಿಸ್ಕನ್ನು ನಿರಾಕರಿಸುತ್ತದೆ, ಇಲ್ಲವೇ ಉದ್ದನೆಯ ಒಂದೇ ಹಾಡೆಂದು ತೋರಿಸಿ ಮೌನವಾಗಿರುತ್ತದೆ.

ನನ್ನ ಸಲಹೆ ಮೊದಲು ಒಂದು ಆಡಿಯೊ ಸಿಡಿಯನ್ನೇ ಮಾಡಿ ಎಂಬುದು. ಅದು ಓಡಿದ ಮೇಲೆ, ಸ್ಟೀರಿಯೊ ಬಲ್ಲುದಾದರೆ, ಎಂಪಿ3 ಡಿಸ್ಕಿಗೆ ಹೋಗಬಹುದು. ಎಂಪಿ3ಗೆ ಎರಡು ನಿಜವಾದ ಅನುಕೂಲಗಳಿವೆ. ಸೆಕೆಂಡಿಗೆ 192 ಕಿಲೊಬಿಟ್‌ನಂತೆ ಸಂಕುಚಿಸಿದರೆ ಒಂದೇ ಡಿಸ್ಕಿನಲ್ಲಿ ಸುಮಾರು ಎಂಟು ಗಂಟೆಯ ಧ್ವನಿ ಹಿಡಿಯುತ್ತದೆ, ಒಂದು ಇಡೀ ತಾಳಮದ್ದಳೆ ಪ್ರಸಂಗ ಅದರೊಳಗೆ ಸುಲಭವಾಗಿ ಕೂರುತ್ತದೆ. ಎರಡನೆಯದು ನಮ್ಮ ರಸ್ತೆಗಳಿಗೆ ಸಂಬಂಧಿಸಿದ್ದು. ಹಂಪು ಹಾರಿದಾಗ ಲೇಸರ್ ದಾರಿ ತಪ್ಪಿದರೂ ಹಾಡು ನಿಲ್ಲದಿರಲೆಂದು ಅನೇಕ ಸ್ಟೀರಿಯೊಗಳು ಧ್ವನಿಯನ್ನು ಮುಂಚಿತವಾಗಿಯೇ ಓದಿ ಒಂದು ಸಣ್ಣ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಆಡಿಯೊ ಸಿಡಿಯಿಂದ ಸೆಕೆಂಡಿಗೆ 1,411 ಕಿಲೊಬಿಟ್ ಬರುವುದರಿಂದ ಆ ಸ್ಮೃತಿ ಬೇಗ ಬರಿದಾಗುತ್ತದೆ. 192ರ ಎಂಪಿ3 ಆದರೆ ಅದೇ ಸ್ಮೃತಿ ಏಳು ಪಟ್ಟು ಹೆಚ್ಚು ಹೊತ್ತು ಸಾಲುತ್ತದೆ.

ಧ್ವನಿ ಕಡತಗಳ ಸಿದ್ಧತೆ

ನಿಮ್ಮದೇ ಅಸಲಿ ಸಿಡಿಗಳಿಂದ ಹಾಡುಗಳನ್ನು ತೆಗೆಯುವುದಾದರೆ ಎಂಪಿ3 ಆಗಿ ಅಲ್ಲ, ಧ್ವನಿಯ ಯಾವ ಅಂಶವನ್ನೂ ಬಿಡದ ‘ವೇವ್’ ಅಥವಾ ‘ಫ್ಲ್ಯಾಕ್’ ಕಡತಗಳಾಗಿ ತೆಗೆಯಿರಿ. ಎಂಪಿ3 ಮಾಡುವಾಗ ಬಿಟ್ಟುಹೋದ ಸೂಕ್ಷ್ಮಗಳು ಅದನ್ನು ಮತ್ತೆ ಆಡಿಯೊ ಸಿಡಿಯಾಗಿ ಹಿಗ್ಗಿಸಿದಾಗ ಮರಳಿ ಬರುವುದಿಲ್ಲ. ತಂಬೂರಿಯ ನಾದದ ಅಂಚು ಮತ್ತು ಮೃದಂಗದ ಚಾಪುಗಳಲ್ಲಿ ಈ ನಷ್ಟ ಬೇಗ ಕಿವಿಗೆ ಬೀಳುತ್ತದೆ. ಸ್ವಂತ ಬಳಕೆಗಾಗಿ ನ್ಯಾಯಯುತವಾಗಿ ಉಪಯೋಗಿಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಅವಕಾಶವಿದೆ; ಪ್ರತಿ ಮಾಡಿ ಮಾರುವುದಕ್ಕೂ ಹಂಚುವುದಕ್ಕೂ ಅದು ಅನ್ವಯಿಸದು.

ಕ್ಯಾಸೆಟ್ಟಿನಿಂದ ಇಳಿಸುವವರು ಅವಧಿಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಸಿ-60 ಕ್ಯಾಸೆಟ್ಟಿನ ಎರಡೂ ಬದಿ ಸೇರಿ 60 ನಿಮಿಷವಾಗುವುದರಿಂದ ಒಂದು ಡಿಸ್ಕಿನಲ್ಲಿ ನೆಮ್ಮದಿಯಾಗಿ ಹಿಡಿಯುತ್ತದೆ. ಸಿ-90 ಹಿಡಿಯುವುದಿಲ್ಲ, ಬದಿಗೊಂದರಂತೆ ಎರಡು ಡಿಸ್ಕ್ ಮಾಡುವುದು ಸರಿಯಾದ ಕ್ರಮ. ಕ್ಯಾಸೆಟ್ ಡೆಕ್ಕಿನ ‘ಲೈನ್ ಔಟ್’ನಿಂದ ಕಂಪ್ಯೂಟರಿನ ‘ಲೈನ್ ಇನ್’ಗೆ ತಂತಿ ಜೋಡಿಸಿ, ‘ಒಡಾಸಿಟಿ’ಯಂಥ ಉಚಿತ ತಂತ್ರಾಂಶದಲ್ಲಿ 44,100 ಹರ್ಟ್ಸ್‌ನಲ್ಲಿಯೇ ರೆಕಾರ್ಡ್ ಮಾಡಿಕೊಳ್ಳಿ. ಗಾಯಕರು ಅತಿ ಗಟ್ಟಿಯಾಗಿ ಹಾಡುವ ಜಾಗವನ್ನು ಮೊದಲು ನುಡಿಸಿ ನೋಡಿ, ಮಟ್ಟದ ಮುಳ್ಳು ಕೆಂಪು ಗೆರೆಯನ್ನು ಮುಟ್ಟದಂತೆ ಹೊಂದಿಸಿ. ಒಮ್ಮೆ ಸೀಳಿದ ಧ್ವನಿಯನ್ನು ಆಮೇಲೆ ಸರಿಪಡಿಸಲಾಗದು.

ಕಚೇರಿಯ ರೆಕಾರ್ಡಿಂಗನ್ನು ಹಾಡುಗಳಾಗಿ ಕತ್ತರಿಸುವ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು, ಅದು ಆ ತಾಳ್ಮೆಗೆ ತಕ್ಕದ್ದೂ ಹೌದು. ಕೃತಿ ಮುಗಿದು ಚಪ್ಪಾಳೆ ಬಿದ್ದ ಮೇಲೆ ಕತ್ತರಿಸುವುದು ಸುಲಭ. ಆದರೆ ಒಂದು ಗಂಟೆಯ ಮುಖ್ಯ ರಾಗವನ್ನು ಆಲಾಪನೆ, ಕೃತಿ, ಮೃದಂಗದವರ ತನಿ ಆವರ್ತನ ಎಂದು ಮೂರಾಗಿ ಮಾಡಿದರೆ ಬೇಕಾದಲ್ಲಿಂದ ಕೇಳಲು ಅನುಕೂಲವಾಗುತ್ತದೆ. ಆಲಾಪನೆಗೂ ಕೃತಿಗೂ ನಡುವೆ, ಪಿಟೀಲಿನವರು ತಮ್ಮ ಸರದಿ ಮುಗಿಸಿದ ಕೂಡಲೇ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಕೃತಿಯಿಂದ ತನಿಗೆ ಹೋಗುವಲ್ಲಿ ಆ ಬಿಡುವೂ ಇಲ್ಲ. ತಾಳ ನಡೆಯುತ್ತಲೇ ಇರುತ್ತದೆ. ಅಲ್ಲಿ ಡಿಸ್ಕ್ ಎರಡು ಸೆಕೆಂಡು ಮೌನವಾದರೆ ಕೈಯಲ್ಲಿ ತಾಳ ಹಾಕಿಕೊಂಡು ಕೇಳುತ್ತಿರುವವರಿಗೆ ಎಡುಪೇ, ಅಂದರೆ ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗವೇ, ತಪ್ಪಿಹೋಗುತ್ತದೆ.

ಇದನ್ನು ತಪ್ಪಿಸಲು ಎರಡು ಕೆಲಸ ಮಾಡಬೇಕು. ಒಂದು, ಬರ್ನ್ ಮಾಡುವಾಗ ಹಾಡುಗಳ ನಡುವಿನ ಅಂತರವನ್ನು ಸೊನ್ನೆ ಮಾಡುವುದು. ಅದನ್ನು ಮುಂದೆ ವಿವರಿಸುತ್ತೇನೆ. ಇನ್ನೊಂದು, ಕತ್ತರಿಸುವ ಬಿಂದುವನ್ನು ಸಿಡಿಯ ಚೌಕಟ್ಟಿಗೆ ಸರಿಯಾಗಿ ಕೂರಿಸುವುದು. ಆಡಿಯೊ ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ಫ್ರೇಮುಗಳಿವೆ, ಒಂದು ಫ್ರೇಮಿಗೆ 588 ಮಾದರಿಗಳು. ನೀವು ಕತ್ತರಿಸಿದ ತುಂಡು 588ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಉಳಿದ ಜಾಗವನ್ನು ತಂತ್ರಾಂಶ ಮೌನದಿಂದ ತುಂಬುತ್ತದೆ; ಅದು ಸೆಕೆಂಡಿನ 75ನೇ ಒಂದು ಭಾಗಕ್ಕಿಂತ ಕಡಿಮೆಯಾದರೂ ನಾದ ಹರಿಯುತ್ತಿರುವಾಗ ‘ಟಿಕ್’ ಎಂದು ಸ್ಪಷ್ಟವಾಗಿ ಕೇಳುತ್ತದೆ. ಒಡಾಸಿಟಿಯಲ್ಲಿ ಆಯ್ಕೆಯ ಗುರುತನ್ನು ಸಿಡಿ ಫ್ರೇಮುಗಳಿಗೆ ಅಂಟಿಸುವ ‘ಸ್ನ್ಯಾಪ್’ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿಕೊಂಡೇ ಗುರುತು ಹಾಕಿ, ಎಲ್ಲ ತುಂಡುಗಳನ್ನೂ 16 ಬಿಟ್ ವೇವ್ ಕಡತಗಳಾಗಿ ಒಮ್ಮೆಗೇ ರಫ್ತು ಮಾಡಿ.

ಬೇರೆ ಬೇರೆ ಮೂಲಗಳ ಹಾಡುಗಳನ್ನು ಒಂದೇ ಡಿಸ್ಕಿಗೆ ಹಾಕುವಾಗ ಅವುಗಳ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳಿ. ಮನೆಯಲ್ಲಿ ಹಿತವೆನಿಸುವ ವೀಣೆಯ ರೆಕಾರ್ಡಿಂಗ್ ಹೊರವರ್ತುಲ ರಸ್ತೆಯ ಸದ್ದಿನಲ್ಲಿ ಕೇಳಿಸುವುದೇ ಇಲ್ಲ, ಅದಕ್ಕಾಗಿ ಧ್ವನಿ ಹೆಚ್ಚಿಸಿಕೊಂಡಾಗ ಮುಂದಿನ ಚಿತ್ರಗೀತೆ ಬೆಚ್ಚಿಬೀಳಿಸುತ್ತದೆ. ಒಂದೇ ಕಚೇರಿಯ ತುಂಡುಗಳಿಗೆ ಮಾತ್ರ ಹೀಗೆ ಒಂದೊಂದಾಗಿ ಮಟ್ಟ ಬದಲಿಸಬಾರದು. ಅಲ್ಲಿನ ಏರಿಳಿತ ಕಲಾವಿದರದ್ದು.

ಬರ್ನ್ ಮಾಡುವುದು

ಇಂದಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇಲ್ಲದಿರುವುದರಿಂದ ಯುಎಸ್‌ಬಿ ಮೂಲಕ ಜೋಡಿಸುವ ಹೊರ ಡಿವಿಡಿ ರೈಟರ್ ಬೇಕಾಗುತ್ತದೆ. ಅದು ಸಿಡಿಯನ್ನೂ ಬರೆಯುತ್ತದೆ. ಅದನ್ನು ಹಬ್ಬಿಗೆ ಸಿಕ್ಕಿಸದೆ ನೇರವಾಗಿ ಕಂಪ್ಯೂಟರಿಗೇ ಜೋಡಿಸಿ. ವಿದ್ಯುತ್ ಸಾಲದೆ ಹೋದಾಗ ಬರ್ನ್ ಅರ್ಧಕ್ಕೇ ನಿಂತು ಡಿಸ್ಕ್ ವ್ಯರ್ಥವಾಗುತ್ತದೆ.

ವಿಂಡೋಸ್ ಮೀಡಿಯಾ ಪ್ಲೇಯರಿನ ಹಳೆಯ ಆವೃತ್ತಿ ಇರುವವರು ‘ಬರ್ನ್’ ಟ್ಯಾಬನ್ನು ತೆರೆದು, ಅಲ್ಲಿನ ಆಯ್ಕೆಗಳ ಪಟ್ಟಿಯಲ್ಲಿ ‘ಡೇಟಾ’ ಅಲ್ಲ, ‘ಆಡಿಯೊ ಸಿಡಿ’ ಎಂಬುದಕ್ಕೆ ಗುರುತು ಬಿದ್ದಿದೆಯೆಂದು ಖಚಿತಪಡಿಸಿಕೊಳ್ಳಿ. ಹಾಡುಗಳನ್ನು ಬೇಕಾದ ಕ್ರಮದಲ್ಲಿ ಬಲಬದಿಯ ಪಟ್ಟಿಗೆ ಎಳೆದು ತನ್ನಿ. ಇನ್ನಷ್ಟು ಆಯ್ಕೆಗಳೊಳಗೆ ಹೋದರೆ ಬರ್ನ್ ವೇಗವನ್ನು ಬದಲಿಸುವ ಜಾಗವೂ, ಅಂತರವಿಲ್ಲದೆ ಬರ್ನ್ ಮಾಡುವ ಗುರುತಿನ ಪೆಟ್ಟಿಗೆಯೂ ಸಿಗುತ್ತವೆ. ಮ್ಯಾಕ್ ಬಳಸುವವರು ‘ಮ್ಯೂಸಿಕ್’ ಆ್ಯಪಿನಲ್ಲಿ ಪ್ಲೇಲಿಸ್ಟ್ ಮಾಡಿ, ಅದನ್ನು ಡಿಸ್ಕಿಗೆ ಬರ್ನ್ ಮಾಡುವ ಆದೇಶ ಕೊಟ್ಟಾಗ ಇದೇ ಆಯ್ಕೆಗಳನ್ನು ಕಾಣಬಹುದು. ಹೆಚ್ಚಿನ ಹಿಡಿತ ಬೇಕಾದವರಿಗೆ ವಿಂಡೋಸಿನಲ್ಲಿ ‘ಸಿಡಿಬರ್ನರ್ ಎಕ್ಸ್‌ಪಿ’ ಅಥವಾ ‘ಇಮ್ಗ್‌ಬರ್ನ್’, ಲಿನಕ್ಸಿನಲ್ಲಿ ‘ಕೆ3ಬಿ’ ಅಥವಾ ‘ಬ್ರಸೇರೊ’ ಉಚಿತವಾಗಿ ದೊರೆಯುತ್ತವೆ.

ಬರೆಯುವ ವಿಧಾನವನ್ನು ಕೇಳಿದಾಗ ‘ಡಿಸ್ಕ್ ಅಟ್ ಒನ್ಸ್’ ಎಂಬುದನ್ನೇ ಆರಿಸಬೇಕು. ಇದರಲ್ಲಿ ಲೇಸರ್ ಆರಂಭದಿಂದ ಅಂತ್ಯದವರೆಗೆ ಒಮ್ಮೆಯೂ ಆರದೆ ಇಡೀ ಡಿಸ್ಕನ್ನು ಬರೆದು ಮುಚ್ಚುತ್ತದೆ. ರಚನೆಯಲ್ಲಿ ಅದು ಅಚ್ಚಿನ ಸಿಡಿಗೆ ಅತಿ ಹತ್ತಿರ. ‘ಟ್ರ್ಯಾಕ್ ಅಟ್ ಒನ್ಸ್’ ವಿಧಾನದಲ್ಲಿ ಪ್ರತಿ ಹಾಡಿನ ಕೊನೆಗೂ ಲೇಸರ್ ನಿಂತು ಮತ್ತೆ ಆರಂಭವಾಗುವುದರಿಂದ ಹಾಡುಗಳ ನಡುವೆ ಎರಡು ಸೆಕೆಂಡಿನ ಮೌನವೂ, ಕೆಲವು ಪ್ಲೇಯರುಗಳು ಎಡವುವಂಥ ಬೆಸುಗೆಯ ಗುರುತುಗಳೂ ಉಳಿಯುತ್ತವೆ.

ಡಿಸ್ಕನ್ನು ಮುಚ್ಚುವುದು, ಅಂದರೆ ‘ಫೈನಲೈಸ್’ ಮಾಡುವುದು, ಯಾವ ಕಾರಣಕ್ಕೂ ಬಿಡಬಾರದ ಹಂತ. ಮುಚ್ಚುವ ತನಕ ಹಾಡುಗಳ ಪಟ್ಟಿ ಡಿಸ್ಕಿನ ಒಳತುದಿಯಲ್ಲಿ ತನ್ನ ಜಾಗದಲ್ಲಿ ಬರೆದಿರುವುದಿಲ್ಲ. ಕಂಪ್ಯೂಟರಿನ ರೈಟರ್ ತಾತ್ಕಾಲಿಕ ಪಟ್ಟಿಯನ್ನು ನೋಡಿಕೊಂಡು ಕೆಲಸ ನಡೆಸುತ್ತದೆ, ಕಾರಿನ ಪ್ಲೇಯರಿಗೆ ಆ ಪಟ್ಟಿ ಕಾಣುವುದಿಲ್ಲ. ಮುಂದೆ ಇನ್ನೂ ಹಾಡು ಸೇರಿಸಬಹುದೆಂದು ಡಿಸ್ಕನ್ನು ತೆರೆದಿಡುವ ‘ಮಲ್ಟಿಸೆಷನ್’ ಆಯ್ಕೆಯನ್ನು ತೆಗೆದುಹಾಕಿ.

ವೇಗದ ಬಗ್ಗೆ ಹಲವು ಅಭಿಪ್ರಾಯಗಳಿವೆ. ಡಿಸ್ಕಿನ ಮೇಲೆ 52 ಎಕ್ಸ್ (ನುಡಿಸುವ ವೇಗದ 52 ಪಟ್ಟು) ಎಂದು ಬರೆದಿರುತ್ತದೆಂದು ಆ ವೇಗದಲ್ಲಿ ಬರೆಯಬೇಕಾಗಿಲ್ಲ. ಅತಿ ವೇಗದಲ್ಲಿ ಗುರುತುಗಳ ಅಂಚು ಅಸ್ಪಷ್ಟವಾಗಬಹುದು. ಈಗಿನ ಡಿಸ್ಕುಗಳ ಬಣ್ಣದ ಪದರವನ್ನು ಹೆಚ್ಚಿನ ವೇಗಕ್ಕೆಂದೇ ರೂಪಿಸಿರುವುದರಿಂದ ತೀರ ನಿಧಾನವೂ ಒಳ್ಳೆಯದಲ್ಲ. 16 ಎಕ್ಸ್ ಆಸುಪಾಸು ನಾನು ಹೇಳುವ ವೇಗ. 80 ನಿಮಿಷದ ಡಿಸ್ಕ್ ಆ ವೇಗದಲ್ಲಿ ಐದಾರು ನಿಮಿಷಕ್ಕೆ ಮುಗಿಯುತ್ತದೆ, ಅದಕ್ಕಿಂತ ಅವಸರಪಡುವ ಅಗತ್ಯವಿಲ್ಲ.

ಕೊನೆಯದಾಗಿ, 80 ನಿಮಿಷವನ್ನೂ ತುಂಬಬೇಡಿ. ಹೊರ ಅಂಚು ಬೆರಳು ತಾಗುವ, ಗೀರು ಬೀಳುವ, ತಿರುಗುವಾಗ ಹೆಚ್ಚು ಓಲಾಡುವ ಜಾಗ. 70 ನಿಮಿಷಕ್ಕೆ ನಿಲ್ಲಿಸಿದರೆ ಕೊನೆಯ ಹಾಡು ಸುರಕ್ಷಿತವಾದ ಜಾಗದಲ್ಲಿ ಮುಗಿಯುತ್ತದೆ.

ಎಂಪಿ3 ಡಿಸ್ಕ್ ಮಾಡುವವರಿಗೆ

ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ ಅದನ್ನು ಯುಎಸ್‌ಬಿ ಡ್ರೈವಿನಂತೆ ಬಳಸುವಿರೋ, ಸಿಡಿ ಅಥವಾ ಡಿವಿಡಿ ಪ್ಲೇಯರಿನಲ್ಲಿ ಬಳಸುವಿರೋ ಎಂದು ಕೇಳುತ್ತದೆ. ಎರಡನೆಯದನ್ನು ಆರಿಸಿ. ಮೊದಲನೆಯದು ಯುಡಿಎಫ್ ಎಂಬ ಕಡತ ವ್ಯವಸ್ಥೆಯಲ್ಲಿ ಬರೆಯುತ್ತದೆ, ಹಳೆಯ ಕಾರು ಸ್ಟೀರಿಯೊಗಳು ಸಾಮಾನ್ಯವಾಗಿ ಅದನ್ನು ಓದುವುದಿಲ್ಲ. ಬೇರೆ ತಂತ್ರಾಂಶ ಬಳಸುವುದಾದರೆ ಐಎಸ್‌ಒ 9660 ಎಂಬ ಹಳೆಯ ಕಡತ ವ್ಯವಸ್ಥೆ ಮತ್ತು ಅದರ ವಿಸ್ತರಣೆಯಾದ ಜೋಲಿಯೆಟ್ ಎರಡನ್ನೂ ಇಟ್ಟುಕೊಂಡು ಯುಡಿಎಫ್ ಅನ್ನು ತೆಗೆದುಬಿಡಿ.

ಕಡತಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ, ಅಂಕಿಯಿಂದ ಆರಂಭವಾಗುವಂತೆ ಇಡಿ. ನಮ್ಮ ಲಿಪಿಯಲ್ಲಿ ಹೆಸರಿಡಬೇಕೆಂಬ ಆಸೆ ಸಹಜವೇ. ಆದರೆ ಆ ಕಾಲದ ಸ್ಟೀರಿಯೊಗಳಲ್ಲಿ ಕನ್ನಡದ ಅಕ್ಷರಗಳು ಇಲ್ಲದಿರುವುದರಿಂದ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ, ಕೆಲವು ಮಾದರಿಗಳು ಅಂಥ ಕಡತವನ್ನು ಬಿಟ್ಟು ಮುಂದೆ ಹೋಗುತ್ತವೆ. ಹಾಡಿನ ವಿವರವಿರುವ ಟ್ಯಾಗುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಂಕಿಗಳನ್ನು 01, 02 ಎಂದೇ ಬರೆಯಿರಿ. ಬರಿಯ 1, 2 ಎಂದು ಬರೆದರೆ ಅಕ್ಷರಕ್ರಮದಲ್ಲಿ 10ನೆಯದು 2ನೆಯದಕ್ಕಿಂತ ಮೊದಲೇ ಬಂದು, ಪ್ರಸಂಗದ ಕೊನೆಯ ಭಾಗ ನಡುವಿನಲ್ಲಿ ನುಡಿಯುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ಮಾಡುವುದನ್ನು ಒಂದು ಹಂತಕ್ಕೆ ನಿಲ್ಲಿಸಿ.

ಬಿಟ್‌ರೇಟ್ 128ರಿಂದ 320ರ ನಡುವೆ ಸ್ಥಿರವಾಗಿರಲಿ. ಮಾದರಿ ದರ 44,100 ಇರಲಿ. ಅಂತರ್ಜಾಲದಿಂದ ಇಳಿಸಿದ ಪ್ರವಚನ, ಉಪನ್ಯಾಸಗಳು ಗಾತ್ರ ಉಳಿಸಲೆಂದು 22,050ರಲ್ಲಿ ಇರುವುದುಂಟು, ಅಂಥವನ್ನು ಎಲ್ಲ ಸ್ಟೀರಿಯೊಗಳೂ ನುಡಿಸುವುದಿಲ್ಲ. ಫೋನಿನ ಎಂ4ಎ ಕಡತಗಳನ್ನೂ ಎಂಪಿ3ಗೆ ಪರಿವರ್ತಿಸಿಕೊಳ್ಳಿ. ಹೆಸರಿನ ಕೊನೆಯ ಅಕ್ಷರಗಳನ್ನು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಹೆಸರು ಬರೆಯುವುದು, ಕಾರಿನಲ್ಲಿ ಇಡುವುದು

ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಸ್ಟೀರಿಯೊದೊಳಗಿನ ಬಿಸಿಗೆ ಗೋಂದು ಸಡಿಲಗೊಂಡು ಲೇಬಲ್ ಸುರುಳಿಯಾದರೆ ಡಿಸ್ಕ್ ಹೊರಗೆ ಬರುವುದಿಲ್ಲ. ಮೃದು ತುದಿಯ, ಡಿಸ್ಕಿಗೆಂದೇ ಮಾರುವ ಮಾರ್ಕರಿನಲ್ಲಿ ಬರೆಯಿರಿ. ಬಾಲ್‌ಪೆನ್ ಸಲ್ಲದು. ಸಿಡಿಯ ದಪ್ಪ 1.2 ಮಿಲಿಮೀಟರ್; ಅದರಲ್ಲಿ ಹೆಚ್ಚಿನ ಭಾಗ ಕೆಳಗಿನ ಪಾರದರ್ಶಕ ಪ್ಲಾಸ್ಟಿಕ್, ಧ್ವನಿಯನ್ನು ಹೊತ್ತ ಪದರ ಇರುವುದು ಮೇಲ್ಮೈಯ ತೆಳು ವಾರ್ನಿಷಿನ ತೀರ ಕೆಳಗೆ. ಹೆಸರು ಬರೆಯುವ ಬದಿಯ ಗೀರು ಹೊಳೆಯುವ ಬದಿಯ ಗೀರಿಗಿಂತ ಹೆಚ್ಚು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಿಸ್ಕನ್ನು ಬಿಡಬಾರದು. ಸಿಡಿ-ಆರ್‌ನ ಬಣ್ಣ ಬಿಸಿಲಿಗೂ ಶಾಖಕ್ಕೂ ಮಾಸುತ್ತದೆ, ಡಿಸ್ಕ್ ಬಾಗಲೂಬಹುದು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ರಂಧ್ರದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ವೃತ್ತಾಕಾರವಾಗಿ ಅಲ್ಲ. ದೋಷಗಳನ್ನು ಸರಿಪಡಿಸಿಕೊಳ್ಳುವ ಗಣಿತ ಸಿಡಿಯಲ್ಲಿಯೇ ಅಡಕವಾಗಿದೆ. ಸುರುಳಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಭಾಗ ಅಳಿಸಿಹೋದರೂ ಅದು ತುಂಬಿಕೊಳ್ಳುತ್ತದೆ. ಅಡ್ಡಗೀರು ಸುರುಳಿಯನ್ನು ಒಂದೊಂದು ಕಡೆ ಕೂದಲೆಳೆಯಷ್ಟೇ ದಾಟುತ್ತದೆ, ವೃತ್ತಾಕಾರದ ಗೀರು ಅದರ ಉದ್ದಕ್ಕೂ ಸಾಗಿ ಈ ಮಿತಿಯನ್ನು ಮೀರುತ್ತದೆ. ಮೂಲ ರೆಕಾರ್ಡಿಂಗ್ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಕಾರಿನಲ್ಲಿರುವುದು ಸದಾ ಪ್ರತಿಯೇ ಆಗಿರಲಿ.

ಆದರೂ ಓಡದಿದ್ದರೆ

ಬೆಳಿಗ್ಗೆ ಮಾತ್ರ ಓಡದೆ ಮಧ್ಯಾಹ್ನ ಓಡಿದರೆ ಲೆನ್ಸಿನ ಮೇಲೆ ತೇವ ಕಟ್ಟಿದೆಯೆಂದು ಅರ್ಥ. ಡಿಸೆಂಬರಿನ ಚಳಿಯಲ್ಲಿಯೂ ಜಡಿಮಳೆಯ ದಿನಗಳಲ್ಲಿಯೂ ಹೀಗಾಗಬಹುದು. ಡಿಸ್ಕನ್ನು ಹೊರತೆಗೆದು ಸ್ವಲ್ಪ ಹೊತ್ತು ಕಾದರೆ ಸಾಕು.

ಡಿಸ್ಕ್ ಒಳಗೆ ಹೋದ ಕೂಡಲೇ ತಿರಸ್ಕೃತವಾದರೆ, ಅದು ಮುಚ್ಚಿದ ಆಡಿಯೊ ಸಿಡಿಯೇ ಎಂಬುದನ್ನು ಕಂಪ್ಯೂಟರಿನಲ್ಲಿ ನೋಡಿ. ವಿಂಡೋಸಿನಲ್ಲಿ ಆಡಿಯೊ ಸಿಡಿ ತೆರೆದಾಗ ಪ್ರತಿ ಹಾಡೂ ‘ಸಿಡಿಎ’ ಎಂಬ ಕೊನೆಯುಳ್ಳ ಒಂದು ಪುಟ್ಟ ಕಡತವಾಗಿ ಕಾಣಬೇಕು. ಎಂಪಿ3 ಹೆಸರುಗಳೇ ಕಂಡರೆ ಅದು ಡೇಟಾ ಡಿಸ್ಕು. ಎಲ್ಲವೂ ಸರಿಯಿದ್ದೂ ಓಡದಿದ್ದರೆ ಅದೇ ಹಾಡುಗಳನ್ನು ಬೇರೆ ಬ್ರಾಂಡಿನ ಡಿಸ್ಕಿಗೆ, ಬೇರೆ ವೇಗದಲ್ಲಿ ಬರೆದು ನೋಡಿ. ಆರಂಭದ ಹಾಡುಗಳು ಸರಿಯಾಗಿ ಬಂದು ಕೊನೆಯವು ಮಾತ್ರ ತಡವರಿಸಿದರೆ ಅವಧಿಯನ್ನು ಇನ್ನೂ ಕಡಿಮೆ ಮಾಡಿ, ಹೊರ ಅಂಚನ್ನು ಒರೆಸಿ.

ಅಚ್ಚಿನ ಸಿಡಿ ಓಡುತ್ತಿದ್ದು, ಮೊದಲು ಓಡುತ್ತಿದ್ದ ಬರ್ನ್ ಮಾಡಿದ ಡಿಸ್ಕುಗಳು ಈಗ ಒಂದೊಂದಾಗಿ ನಿಲ್ಲುತ್ತಿದ್ದರೆ, ಲೆನ್ಸಿನ ಮೇಲೆ ಧೂಳು ಕೂತಿದೆ ಅಥವಾ ಲೇಸರ್ ಕ್ಷೀಣಿಸುತ್ತಿದೆ. ಸಣ್ಣ ಕುಂಚವಿರುವ ಲೆನ್ಸ್ ಕ್ಲೀನರ್ ಡಿಸ್ಕನ್ನು ಬಳಸುವ ಮುನ್ನ ಕೈಪಿಡಿ ಅದನ್ನು ಒಪ್ಪುತ್ತದೆಯೇ ನೋಡಿ, ಏಕೆಂದರೆ ಕುಂಚ ತಾಗಿ ಲೆನ್ಸ್ ಸ್ಥಾನ ಕದಲಬಹುದು. ಜೆ.ಸಿ. ರಸ್ತೆಯಲ್ಲಿ ಕಾರು ಸ್ಟೀರಿಯೊಗಳ ಅಂಗಡಿಗಳು ಸಾಲಾಗಿವೆ. ರಿಪೇರಿಗೆ ಕೊಡುವಾಗಲೂ, ಬದಲಿಗೆ ಹಳೆಯ ಸ್ಟೀರಿಯೊ ಕೊಳ್ಳುವಾಗಲೂ ನೀವೇ ಬರ್ನ್ ಮಾಡಿದ, 70 ನಿಮಿಷ ತುಂಬಿದ ಒಂದು ಡಿಸ್ಕನ್ನು ಜೊತೆಗೆ ಒಯ್ದು, ಅದರ ಕೊನೆಯ ಹಾಡನ್ನು ಅಲ್ಲಿಯೇ ನುಡಿಸಿ ತೋರಿಸಲು ಹೇಳಿ, ಆಮೇಲೆ ಹಣ ಕೊಡಿ.